ಹಳೇ ಜೀಪು, ಪಿಕಪ್ಪಿಗೆ ಗುಜರಿ ಬಂಪರ್: ಶಿವಮೊಗ್ಗ ಸೀಮೆಯಲ್ಲಿ ಸಿಗುವ ಮಾಲು ಹೇಗಿದೆ?

ತೀರ್ಪು ಮೊದಲೇ ಹೇಳಿಬಿಡೋಣ. ಬಣ್ಣ ಬಳಿದ ದಪ್ಪ ಕಬ್ಬಿಣದ ಚಾನಲ್ ಬಂಪರ್ (ಮೇಲೂ ಕೆಳಗೂ ಅಂಚು ಹಿಂದಕ್ಕೆ ಮಡಚಿದ, ತೊಟ್ಟಿಯಂಥ ಪಟ್ಟಿ) ಬೇಕಿದ್ದರೆ ಶಿವಮೊಗ್ಗದ ಗುಜರಿಯಲ್ಲೇ ಕೊಳ್ಳಿ, ಧಾರಾಳವಾಗಿ ಕೊಳ್ಳಿ. ಕ್ರೋಮ್ ಬಂಪರ್ ಆದರೆ ಇಲ್ಲಿ ಕೈ ಹಾಕುವ ಮುಂಚೆ ಮೂರು ಸಲ ಯೋಚಿಸಿ. ಚಾಸಿಗೆ, ಅಂದರೆ ಗಾಡಿಯ ತಳದ ಚೌಕಟ್ಟಿಗೆ, ಹಿಡಿಸುವ ಬ್ರಾಕೆಟ್ ಇಲ್ಲದ ಬಂಪರನ್ನು, ಎಷ್ಟೇ ನೆಟ್ಟಗೆ ಕಂಡರೂ, ಅರ್ಧ ಮಾಲು ಎಂದೇ ಲೆಕ್ಕ ಹಾಕಿ, ಅರ್ಧ ಬೆಲೆಯನ್ನೇ ಕೊಡಿ.

ಮಲೆನಾಡಿನಲ್ಲಿ ಹಳೇ ಗಾಡಿಗಳಿಗೆ ಕೊರತೆಯಿಲ್ಲ. ತೋಟದ ದಾರಿ, ಏರು, ಕೆಸರು, ಹೊಳೆ ದಾಟುವ ಕೆಲಸಕ್ಕೆಂದು ಮಹೀಂದ್ರ ಜೀಪು ತಲೆಮಾರುಗಟ್ಟಲೆ ದುಡಿದ ಊರುಗಳಿವು. ಅದರ ಜೊತೆಗೆ ಜೀಪಿನ ಮೈಯ ಪಿಕಪ್ಪು, ಎಂಜಿನ್ ಮೇಲೆಯೇ ಡ್ರೈವರ್ ಕೂರುವ ಫಾರ್ವರ್ಡ್ ಕಂಟ್ರೋಲ್, ಮ್ಯಾಟಡೋರ್, 1988ರಲ್ಲಿ ಬಂದ ಟಾಟಾಮೊಬೈಲ್ 206, ಮಿಲಿಟರಿ ಹರಾಜಿನಲ್ಲಿ ಬಂದ ಜೋಂಗಾ. ಇವು ಗುಜರಿಗೆ ಬಂದಾಗ ಎಂಜಿನ್ನು, ಗೇರ್‌ಬಾಕ್ಸು, ಹೌಸಿಂಗು ಮೊದಲು ಖಾಲಿಯಾಗುತ್ತವೆ. ಬಂಪರ್ ಕೊನೆಯವರೆಗೂ ಗೋಡೆಗೆ ಒರಗಿಕೊಂಡು ಮಳೆಯಲ್ಲಿ ನೆನೆಯುತ್ತಾ ಇರುತ್ತದೆ, ಕಬ್ಬಿಣದ ತೂಕಕ್ಕೆ ಹೋಗುತ್ತದೆ. ಕೊಳ್ಳುವವರಿಗೆ ಇದೇ ಅನುಕೂಲ.

ಆದರೆ ಆ ಒರಗಿಸಿಟ್ಟ ಸಾಲಿನಲ್ಲಿ ಕಂಪನಿ ಬಂಪರ್ ಯಾವುದು, ಯಾರೋ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದು ಯಾವುದು ಎಂದು ಮುಂಭಾಗ ನೋಡಿ ಗೊತ್ತಾಗುವುದಿಲ್ಲ. ತಿರುಗಿಸಿ ಹಿಂಭಾಗ ನೋಡಬೇಕು.

ಹಿಂದೆ ತಿರುಗಿಸಿ ನೋಡುವುದು

ಕಂಪನಿಯ ಚಾನಲ್ ಬಂಪರನ್ನು ದಪ್ಪ ತಗಡು ಪ್ರೆಸ್ಸಿನಲ್ಲಿ ಮಡಚಿ ಮಾಡಿರುತ್ತಾರೆ. ಹಾಗಾಗಿ ನಡುಪಟ್ಟಿ, ಮೇಲಿನ ಅಂಚು, ಕೆಳಗಿನ ಅಂಚು ಮೂರರ ದಪ್ಪವೂ ಒಂದೇ. ಮಡಿಕೆಯ ಮೂಲೆ ಒಳಗೂ ಹೊರಗೂ ದುಂಡಗಿರುತ್ತದೆ. ಮಾಡಿಸಿದ ಬಂಪರ್ ಸಾಮಾನ್ಯವಾಗಿ ಕಟ್ಟಡಕ್ಕೆ ಬಳಸುವ ಚಾನಲ್‌ನದು. ಅದರ ಹೊರಮೂಲೆ ಚೂಪಾಗಿರುತ್ತದೆ, ಅಂಚಿನ ಒಳಮೈ ಬುಡದಲ್ಲಿ ದಪ್ಪಗಿದ್ದು ತುದಿಗೆ ಬರುತ್ತಾ ಇಳಿಜಾರಾಗಿ ತೆಳ್ಳಗಾಗುತ್ತದೆ. ಬೆರಳಿಟ್ಟು ಸವರಿದರೆ ಸಾಕು, ತಿಳಿಯುತ್ತದೆ. ದಪ್ಪ ಅಳೆಯುವ ವರ್ನಿಯರ್ ಇದ್ದರೆ ಅಂಚಿನ ಬುಡ, ತುದಿ ಎರಡೂ ಕಡೆ ಅಳೆಯಿರಿ. ವ್ಯತ್ಯಾಸ ಬಂದರೆ ಅದು ಕಂಪನಿಯದಲ್ಲ.

ಗುಜರಿಯಲ್ಲಿ ತಕ್ಕಡಿ ಇದ್ದೇ ಇರುತ್ತದೆ. ಅದನ್ನೂ ಗುರುತು ಹಿಡಿಯಲು ಬಳಸಿಕೊಳ್ಳಬಹುದು. ಒಂದು ಚದರ ಮೀಟರ್ ವಿಸ್ತೀರ್ಣದ, 1 ಮಿ.ಮೀ. ದಪ್ಪದ ಉಕ್ಕು 7.85 ಕೆಜಿ ತೂಗುತ್ತದೆ. ಬಂಪರಿನ ಉದ್ದವನ್ನು ಮೀಟರಿನಲ್ಲಿ ಅಳೆಯಿರಿ. ಬಟ್ಟೆಯ ಟೇಪನ್ನು ಮೇಲಂಚು, ನಡುಪಟ್ಟಿ, ಕೆಳಂಚು ಹಿಡಿದು ಸುತ್ತಿ ಒಟ್ಟು ಅಗಲವನ್ನೂ ಮೀಟರಿನಲ್ಲೇ ತೆಗೆಯಿರಿ. ಎರಡನ್ನೂ ಗುಣಿಸಿ, 7.85ರಿಂದ ಗುಣಿಸಿದರೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎಷ್ಟು ಕೆಜಿ ಇರಬೇಕು ಎಂದು ಸಿಗುತ್ತದೆ. 1.2 ಮೀಟರ್ ಉದ್ದ, 22 ಸೆಂ.ಮೀ. ಸುತ್ತಗಲದ ಬಂಪರ್ 3 ಮಿ.ಮೀ. ದಪ್ಪವಿದ್ದರೆ ಸುಮಾರು 6.2 ಕೆಜಿ, 5 ಮಿ.ಮೀ. ಇದ್ದರೆ ಸುಮಾರು 10.4 ಕೆಜಿ. ಅಂಚಿನಲ್ಲಿ 5 ಮಿ.ಮೀ. ತೋರಿಸಿ ತಕ್ಕಡಿಯಲ್ಲಿ ಎಂಟೂವರೆ ಕೆಜಿ ಬಂದರೆ ನಡುಪಟ್ಟಿಯನ್ನು ಒಳಗಿಂದ ತುಕ್ಕು ತಿಂದಿದೆ ಎಂದರ್ಥ. ಒಳಗೆ ಒಣಗಿದ ಮಣ್ಣು ಇದ್ದರೆ ಮೊದಲು ಕೆರೆದು ತೆಗೆಸಿ, ಆಮೇಲೆ ತೂಗಿಸಿ. ಮಣ್ಣಿಗೂ ಕಬ್ಬಿಣದ ದರ ಕೊಡಬೇಕಾಗಿಲ್ಲ.

ತೂತುಗಳೂ ಜಾತಕ ಹೇಳುತ್ತವೆ. ಪ್ರೆಸ್ಸಿನಲ್ಲಿ ಹೊಡೆದ ತೂತಿನ ಒಂದು ಕಡೆ ಅಂಚು ನುಣ್ಣಗೆ ಒಳಗೆ ಬಾಗಿರುತ್ತದೆ, ಇನ್ನೊಂದು ಕಡೆ ಒರಟಾಗಿ ತುಸು ಅಗಲಿಸಿರುತ್ತದೆ. ಡ್ರಿಲ್ ಹಾಕಿದ ತೂತು ಎರಡೂ ಕಡೆ ಒಂದೇ ಸಮ. ಗ್ಯಾಸಿನಲ್ಲಿ ತೆಗೆದ ತೂತು ಹಲ್ಲುಹಲ್ಲಾಗಿರುತ್ತದೆ. ಪ್ರೆಸ್ ತೂತುಗಳು ಎಡಬಲ ಸಮವಾಗಿದ್ದು ಡ್ರಿಲ್ ತೂತುಗಳು ಅಡ್ಡಾದಿಡ್ಡಿ ಇದ್ದರೆ ಬಂಪರ್ ಕಂಪನಿಯದೇ, ನಡುವೆ ಬೇರೆ ಗಾಡಿಗೆ ಹಾಕಿದ್ದರು. ಇಂಥದ್ದನ್ನು ಬಿಡಬೇಡಿ, ಹೆಚ್ಚಿನ ತೂತು ಮುಚ್ಚುವುದು ಸುಲಭ. ಲ್ಯಾಂಡ್ ರೋವರ್ ಸೀರೀಸ್ ಗಾಡಿಯ ಮುಂದಿನ ಬಂಪರಿನಲ್ಲಿ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಲು ನಡುವೆ ಒಂದು ತೂತು ಇರುತ್ತದೆ. ಅದನ್ನು ಯಾರೋ ಕೊರೆದದ್ದು ಎಂದು ಮುಚ್ಚಿಸಿಬಿಟ್ಟವರಿದ್ದಾರೆ.

ಅನುಮಾನ ಉಳಿದರೆ ಹಿಂಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ 220 ನಂಬರಿನ ಮರಳುಕಾಗದವನ್ನು ನೀರು ಹಾಕಿ ಉಜ್ಜಿ. ಬಣ್ಣದ ಪದರಗಳು ಮರದ ಉಂಗುರದ ಹಾಗೆ ಒಂದರೊಳಗೊಂದು ಕಾಣಿಸುತ್ತವೆ. ತಳದಲ್ಲಿ ಮಂಕು ಹಸಿರು ಸಿಕ್ಕರೆ ಮಿಲಿಟರಿ ಮಾಲು ಇರಬಹುದು. ಎರಡನೇ ಮಹಾಯುದ್ಧದ ಕಾಲದ ಫೋರ್ಡ್ ಜೀಪಿನಲ್ಲಿ ಬೋಲ್ಟಿನ ತಲೆಯ ಮೇಲೂ ‘ಎಫ್’ ಅಕ್ಷರ ಒತ್ತಿರುತ್ತಾರೆ. ಅಂಥ ಒಂದು ಬೋಲ್ಟು ಬ್ರಾಕೆಟ್ಟಿನಲ್ಲಿ ಉಳಿದಿದ್ದರೂ ಅದನ್ನು ಕಟ್ ಮಾಡಲು ಬಿಡಬೇಡಿ.

ಇನ್ನು ಗುಂಡಿ, ತೂತು ಮುಚ್ಚಲು ಮೆತ್ತುವ ಪುಟ್ಟಿ. ಸಣ್ಣ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ ಮುಂಭಾಗದ ಮೇಲೆ ಒಂದು ತುದಿಯಿಂದ ಇನ್ನೊಂದಕ್ಕೆ ಎಳೆಯಿರಿ. ಹಿಡಿತ ಸಡಿಲವಾದಲ್ಲಿ ಕಬ್ಬಿಣದ ಮೇಲೆ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ. ಪುಟ್ಟಿ ತುಂಬಿ ಹೊಳೆಯುವ ಬಂಪರಿಗಿಂತ ಜಜ್ಜಿ ಹೋದ, ಬಣ್ಣ ಉದುರಿದ ಬಂಪರ್ ಯಾವಾಗಲೂ ಮೇಲು. ಅದರಲ್ಲಿ ಏನಿದೆಯೋ ಅದು ಕಣ್ಣಿಗೆ ಕಾಣುತ್ತದೆ.

ಬಿರುಕು ಹುಡುಕಲು ಮಳೆಗಾಲವೇ ಒಳ್ಳೆಯದು. ನೆನೆದ ಬಂಪರನ್ನು ಬಟ್ಟೆಯಲ್ಲಿ ಒರೆಸಿ ಹತ್ತು ನಿಮಿಷ ಬಿಡಿ. ಮೈ ಒಣಗಿದ ಮೇಲೂ ಬಿರುಕಿನೊಳಗಿನ ನೀರು ಕಂದು ಗೆರೆಯಾಗಿ ಹೊರಗೆ ಜಿನುಗುತ್ತದೆ. ಬ್ರಾಕೆಟ್ಟಿನ ತೂತುಗಳ ಸುತ್ತ, ಮಡಿಕೆಯ ಮೂಲೆಯಲ್ಲಿ, ಎಳೆಯುವ ಕೊಕ್ಕೆ ಕೂತಿದ್ದ ಜಾಗದಲ್ಲಿ ನೋಡಿ. ಕೆಸರಿನಲ್ಲಿ ಹೂತ ಲಾರಿಯನ್ನು ಜೀಪಿಗೆ ಚೈನು ಕಟ್ಟಿ ಎಳೆಸಿದ್ದರ ಗುರುತು ಅಲ್ಲೇ ಇರುತ್ತದೆ.

ತುಕ್ಕು ಎಲ್ಲಿಂದ ಹಿಡಿಯುತ್ತದೆ

ಬಯಲುಸೀಮೆಯ ಬಂಪರಿಗೂ ನಮ್ಮ ಕಡೆಯದಕ್ಕೂ ಇಲ್ಲೇ ವ್ಯತ್ಯಾಸ. ಚಾನಲ್ಲಿನ ಒಳಗೆ ಕೆಳಅಂಚು ಒಂದು ದೋಣಿಯ ಹಾಗೆ. ಜಂಬಿಟ್ಟಿಗೆ ಮಣ್ಣು, ದರಕು (ಒಣಗಿದ ಎಲೆ), ಅಡಿಕೆ ಸಿಪ್ಪೆಯ ನಾರು ಅದರೊಳಗೆ ಸೇರಿ ಗಟ್ಟಿಯಾಗಿ, ಜೂನಿನಲ್ಲಿ ನೆನೆದರೆ ದೀಪಾವಳಿವರೆಗೂ ಒಣಗುವುದಿಲ್ಲ. ಹೊರಗೆ ಬಣ್ಣ ಗಟ್ಟಿಯಿದ್ದರೂ ಒಳಗಿಂದ ಹಾಳೆಹಾಳೆಯಾಗಿ ಏಳುತ್ತಿರುತ್ತದೆ. ಸುತ್ತಿಗೆಯ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಗಂಟೆಯ ಹಾಗೆ ದನಿ ಕೊಡುತ್ತದೆ, ತುಕ್ಕು ತಿಂದ ಕಡೆ ಮಡಕೆ ಒಡೆದಂಥ ಸಪ್ಪೆ ಸದ್ದು.

ಇದಕ್ಕಿಂತ ಕೆಟ್ಟದ್ದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅಡಿಕೆ ತೋಟದವರಿಗೆ ಕೊಳೆ ರೋಗದ ಔಷಧಿಯ ಲೆಕ್ಕ ಬಾಯಿಪಾಠ: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಸಾಕಾಗಿದೆಯೋ ಇಲ್ಲವೋ ನೋಡಲು ಉಜ್ಜಿದ ಕತ್ತಿಯನ್ನು ಅದ್ದಿ ತೆಗೆಯುತ್ತಾರೆ, ಕತ್ತಿಯ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಇನ್ನೂ ಬೇಕು. ಅಂದರೆ ಕಬ್ಬಿಣ ಕರಗಿ ಆ ಜಾಗಕ್ಕೆ ತಾಮ್ರ ಬಂದು ಕೂರುತ್ತಿದೆ. ಪಿಕಪ್ಪಿನ ಹಿಂದೆ ಡ್ರಮ್ಮಿನಲ್ಲಿ ಮೈಲುತುತ್ತದ ನೀರು ತುಳುಕುತ್ತಾ ಹೋಗುವಾಗ ಹಿಂದಿನ ಬಂಪರಿಗೆ ಆಗುವುದೂ ಇದೇ. ಕೂತ ತಾಮ್ರ ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಒದ್ದೆಯಾದಾಗಲೆಲ್ಲ ತಾಮ್ರವೂ ಕಬ್ಬಿಣವೂ ಸೇರಿ ಬ್ಯಾಟರಿಯಂತಾಗಿ ಕಬ್ಬಿಣ ಸವೆಯುತ್ತಲೇ ಹೋಗುತ್ತದೆ. ತೋಟದ ಪಿಕಪ್ಪಿನ ಹಿಂದಿನ ಬಂಪರಿನ ಸಂದಿಯಲ್ಲಿ ನೀಲಿಹಸಿರು ಪುಡಿ, ಕೆರೆದಲ್ಲಿ ಗುಲಾಬಿಗೆಂಪು ಪೊರೆ ಕಂಡರೆ ಅದನ್ನು ತಂತಿ ಬ್ರಷ್ಷಿನಿಂದ ಪೂರ್ತಿ ತೆಗೆದು, ನೀರಿನಲ್ಲಿ ತೊಳೆದು, ದಪ್ಪ ಉಳಿದಿದೆಯೇ ಎಂದು ಅಳೆದ ಮೇಲೆಯೇ ಬೆಲೆ ಮಾತಾಡಿ. ಬಣ್ಣದಡಿ ತಾಮ್ರ ಉಳಿದರೆ ಎಷ್ಟು ಒಳ್ಳೆಯ ಪ್ರೈಮರ್ ಹೊಡೆದರೂ ಗುಳ್ಳೆ ಏಳುತ್ತದೆ. ಮುಂದಿನ ಬಂಪರುಗಳಿಗೆ ಈ ಕಾಟ ಕಡಿಮೆ.

ಬಿಚ್ಚುವುದು: ಮಾಲು ಹಾಳಾಗುವುದು ಇಲ್ಲೇ

ಗುಜರಿಗಳ ಬಗ್ಗೆ ನಮ್ಮ ದೊಡ್ಡ ತಕರಾರು ಗ್ಯಾಸ್ ಕಟರ್. ಬಂಪರ್ ಬೇಕು ಎಂದ ಕೂಡಲೇ ಹುಡುಗರು ಬ್ರಾಕೆಟ್ಟಿನ ಬುಡಕ್ಕೇ ಜ್ವಾಲೆ ಹಿಡಿಯುತ್ತಾರೆ. ಎರಡು ನಿಮಿಷದಲ್ಲಿ ಬಂಪರ್ ಕೈಗೆ ಬರುತ್ತದೆ, ಬ್ರಾಕೆಟ್ ಸತ್ತಿರುತ್ತದೆ. ಚಾಸಿಗೆ ಕೂರುವ ಕೋನ, ಬಂಪರಿನ ಎತ್ತರ, ಗ್ರಿಲ್ಲಿಗೂ ಬಂಪರಿಗೂ ಇರಬೇಕಾದ ಅಂತರ, ಎಲ್ಲವೂ ಆ ಬ್ರಾಕೆಟ್ಟಿನಲ್ಲೇ ಇತ್ತು. ಆದ್ದರಿಂದ ಬಂಪರ್ ಇನ್ನೂ ಗಾಡಿಯಲ್ಲೇ ಇದ್ದರೆ ನಾವೇ ಬಿಚ್ಚಿಕೊಳ್ಳುತ್ತೇವೆ ಎಂದು ಮೊದಲೇ ಒಪ್ಪಿಸಿ. ಬಿಚ್ಚುವ ಮುಂಚೆ ನೆಲದಿಂದ ಎತ್ತರ, ಬ್ರಾಕೆಟ್ ತೂತುಗಳ ನಡುವಿನ ಅಂತರ, ಎಡಬಲ ಗುರುತು ಬರೆದುಕೊಳ್ಳಿ, ಫೋಟೋ ತೆಗೆಯಿರಿ.

ಹಿಂದಿನ ದಿನವೇ ಹೋಗಿ ನಟ್ಟುಗಳನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ಎಣ್ಣೆ ಬಿಟ್ಟು ಬನ್ನಿ. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಸಮಸಮ ಬೆರೆಸಿದ್ದು ಚೆನ್ನಾಗಿ ಒಳಗೆ ಇಳಿಯುತ್ತದೆ. ಎರಡೂ ಬೇರೆಯಾಗುತ್ತವೆ, ಪ್ರತಿ ಸಲ ಅಲುಗಿಸಿಯೇ ಹಾಕಬೇಕು. ಅದು ಬೇಗ ಹೊತ್ತಿಕೊಳ್ಳುವ ಮಾಲು, ಹಾಕಿದ ಜಾಗಕ್ಕೆ ಅದೇ ಹೊತ್ತಿನಲ್ಲಿ ಬೆಂಕಿ ಹಿಡಿಯಬೇಡಿ. ಮರುದಿನವೂ ಬರದಿದ್ದರೆ ಎಣ್ಣೆ ಒರೆಸಿ, ಪೆಟ್ರೋಲ್ ಟ್ಯಾಂಕ್ ದೂರವಿದೆಯೆಂದು ನೋಡಿಕೊಂಡು, ನಟ್ಟನ್ನು ಮಾತ್ರ ಕಾಯಿಸಿ ಮೇಣದಬತ್ತಿ ಮುಟ್ಟಿಸಿ. ಕರಗಿದ ಮೇಣ ಥ್ರೆಡ್ಡಿನ ಒಳಕ್ಕೆ ಹೀರಿಕೊಳ್ಳುತ್ತದೆ. ಆಮೇಲೆ ಬಿಗಿಯುವ ಕಡೆಗೆ ಸ್ವಲ್ಪ, ಬಿಚ್ಚುವ ಕಡೆಗೆ ಸ್ವಲ್ಪ, ಹೀಗೆ ಅಲ್ಲಾಡಿಸುತ್ತಾ ತೆಗೆಯಿರಿ. ಯಾವುದಕ್ಕೂ ಬಗ್ಗದಿದ್ದರೆ ನಟ್ಟನ್ನು ಗ್ರೈಂಡರಿನಲ್ಲಿ ಸೀಳಿ. ಕಂಪನಿ ಬೋಲ್ಟು ಉಳಿಯುತ್ತದೆ.

ಸ್ಪ್ಯಾನರಿನಲ್ಲಿ ಎಡವುವವರು ಬಹಳ. ಅಮೆರಿಕದ ವಿಲ್ಲಿಸ್ ವಂಶದ ಜೀಪುಗಳಲ್ಲಿ (ಹಳೇ ಮಹೀಂದ್ರವೂ ಅದೇ ವಂಶ) ಬೋಲ್ಟು ಇಂಚಿನ ಲೆಕ್ಕದ್ದು. 3/8 ಇಂಚಿನ ಬೋಲ್ಟಿಗೆ 9/16ರ ಸ್ಪ್ಯಾನರ್ ಬೇಕು, ಅಂದರೆ 14.29 ಮಿ.ಮೀ. 14 ಹಿಡಿಯುವುದಿಲ್ಲ, 15 ಹಾಕಿದರೆ ಆಡಿ ಮೂಲೆ ಸವೆದು ತಲೆ ಗುಂಡಗಾಗುತ್ತದೆ. 7/16ರ ಬೋಲ್ಟಿಗೆ 5/8 ಬೇಕು, ಅದಕ್ಕೆ 16 ಸರಿಯಾಗಿ ಕೂರುತ್ತದೆ. ಅರ್ಧ ಇಂಚಿನದಕ್ಕೆ 3/4, ಅದು 19ಕ್ಕೆ ಸಮ. ಹಾಗಾಗಿ ಒಂದು 9/16 ಬಾಕ್ಸ್ ಸ್ಪ್ಯಾನರ್ ತಪ್ಪದೆ ಇಟ್ಟುಕೊಳ್ಳಿ. ಟಾಟಾ ಗಾಡಿಗಳದ್ದು ಮಿಲಿಮೀಟರ್ ಲೆಕ್ಕ. ವಾಪಸ್ ಹಾಕುವಾಗ 3/8 ಬೋಲ್ಟಿಗೆ 10 ಮಿ.ಮೀ. ನಟ್ಟು ಏರಿಸುವ ಅಭ್ಯಾಸ ಎಷ್ಟೋ ಗ್ಯಾರೇಜುಗಳಲ್ಲಿದೆ. 3/8 ಅಂದರೆ 9.53 ಮಿ.ಮೀ., ನಟ್ಟು ಸಡಿಲವಾಗಿ ಏರಿ ಬಿಗಿಯಾದಂತೆ ಕಾಣುತ್ತದೆ. ಎಳೆತ ಬಿದ್ದ ದಿನ ಥ್ರೆಡ್ ಕಿತ್ತು ಬರುತ್ತದೆ.

ನೇರ ಮಾಡಿಸುವುದು, ಬೆಸೆಯುವುದು

ಈ ಕೆಲಸಕ್ಕೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೋದರೆ ಟಿಂಕರಿಂಗ್, ವೆಲ್ಡಿಂಗ್ ಎರಡೂ ಒಂದೇ ಓಡಾಟದಲ್ಲಿ ಮುಗಿಯುತ್ತವೆ. ಹೇಳಬೇಕಾದ್ದನ್ನು ಮಾತ್ರ ಸ್ಪಷ್ಟವಾಗಿ ಹೇಳಿ: ಮೊದಲು ನೇರ ಮಾಡಿ, ಆಮೇಲೆ ಬೆಸೆಯಿರಿ. ತುದಿಯಿಂದ ತುದಿಗೆ ದಾರ ಬಿಗಿದು ಹಿಡಿದರೆ ಬಾಗು ಎಷ್ಟೆಂದು ಕಾಣುತ್ತದೆ. ಸಮತಟ್ಟಾದ ಕಬ್ಬಿಣದ ಹಲಗೆಯ ಮೇಲಿಟ್ಟು ನಾಲ್ಕು ಮೂಲೆ ಒತ್ತಿದರೆ ತಿರುಚು ಕಾಣುತ್ತದೆ. ಬಾಗು ತೆಗೆಯುವುದು ಸುಲಭ, ಹತ್ತು ಟನ್ನಿನ ಜ್ಯಾಕಿಗೆ ಎರಡೂ ಕಡೆ ಮರದ ಕೊರಡು ಕೊಟ್ಟು ನಿಧಾನ ಒತ್ತಿದರೆ ಬರುತ್ತದೆ. ಬೇಕಾದ ಗೆರೆಗಿಂತ ತುಸು ಆಚೆಗೇ ಒತ್ತಬೇಕು, ಬಿಟ್ಟಾಗ ಒಂದಿಷ್ಟು ಹಿಂದಕ್ಕೆ ಬರುತ್ತದೆ. ತಿರುಚು ತೆಗೆಯುವುದು ಕಷ್ಟ. ಬಾಗಿದ್ದನ್ನು ಕೊಳ್ಳಿ, ತಿರುಚಿದ್ದನ್ನು ಬಿಡಿ. ಮಡಿಕೆಯ ಮೂಲೆ ಜಜ್ಜಿದ್ದರೆ ಮಂಕುಗೆಂಪಿನವರೆಗೆ ಕಾಯಿಸಿ ತಟ್ಟಿಸಿ, ನೀರು ಸುರಿದು ಆರಿಸಲು ಬಿಡಬೇಡಿ.

ಬಿರುಕಿದ್ದರೆ ಅದರ ತುದಿಯಲ್ಲಿ 3 ಮಿ.ಮೀ. ತೂತು ಹೊಡೆಯಬೇಕು, ಇಲ್ಲದಿದ್ದರೆ ವೆಲ್ಡಿಂಗಿನ ಆಚೆಯಿಂದ ಮತ್ತೆ ಓಡುತ್ತದೆ. ಬಿರುಕನ್ನು ಗ್ರೈಂಡರಿನಲ್ಲಿ ವಿ ಆಕಾರಕ್ಕೆ ತೆರೆದು ತಳದವರೆಗೆ ತುಂಬಿಸಿ. ಹಿಂದೆ ಬಲಕ್ಕೆ ಪಟ್ಟಿ ಕೊಡುವುದಾದರೆ ಅದರ ತುದಿಗಳನ್ನು ಚೂಪಾಗಿ ಕತ್ತರಿಸಿ. ಚೌಕ ಪಟ್ಟಿ ಇಟ್ಟು ಚಾನಲ್ಲಿಗೆ ಅಡ್ಡಲಾಗಿ ಬೆಸೆದರೆ ಮುಂದಿನ ಬಿರುಕು ಅದೇ ಗೆರೆಯಲ್ಲಿ ಬರುತ್ತದೆ. ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ದೊಡ್ಡ ವಾಷರ್ ಹಾಕಿ ಮುಚ್ಚುವುದು ಸಲ್ಲದು, ತುಂಬಿಸಿ ಹೊಸದಾಗಿ ಕೊರೆಸಿ.

ಕ್ರೋಮ್ ಅಥವಾ ಸತುವಿನ ಲೇಪ ಇರುವ ಬಂಪರನ್ನು ಹಾಗೆಯೇ ಬೆಸೆಯುವುದು ಆರೋಗ್ಯಕ್ಕೆ ಅಪಾಯ. ಆ ಹೊಗೆ ವಿಷ. ಲೇಪವನ್ನು ಮೊದಲು ತೆಗೆಸಬೇಕು.

ತುಕ್ಕು ತೆಗೆಯಲು: ಕಾಕಂಬಿಯೋ, ಸೋಡವೋ

ಎರಡೂ ಒಳ್ಳೆಯವೇ, ಆದರೆ ಚಾನಲ್ ಬಂಪರಿಗೆ ನಮ್ಮ ಮತ ಕಾಕಂಬಿಗೆ. ಅಡಿಕೆ ಒಣಗಿಸುವ ಹಳೇ ಟಾರ್ಪಾಲನ್ನು ತೂತಿಲ್ಲದ್ದು ನೋಡಿ, ಒಂದೂವರೆ ಮೀಟರ್ ಉದ್ದ, 30 ಸೆಂ.ಮೀ. ಅಗಲ, 25 ಸೆಂ.ಮೀ. ಆಳದ ಗುಂಡಿಗೆ ಹಾಸಿದರೆ 110 ಲೀಟರ್ ಹಿಡಿಯುತ್ತದೆ. 11 ಲೀಟರ್ ಕಾಕಂಬಿಗೆ 99 ಲೀಟರ್ ನೀರು. ಗ್ರೀಸು, ಬಣ್ಣ ಪೂರ್ತಿ ತೆಗೆದಿರಬೇಕು, ಕಾಕಂಬಿ ತುಕ್ಕು ತೆಗೆಯುತ್ತದೆಯೇ ಹೊರತು ಗ್ರೀಸನ್ನೂ ಬಣ್ಣವನ್ನೂ ತೆಗೆಯುವುದಿಲ್ಲ. ಬೇಸಿಗೆಯಲ್ಲಿ ಒಂದರಿಂದ ಎರಡು ವಾರ, ಮಳೆಗಾಲದ ಥಂಡಿಯಲ್ಲಿ ಇನ್ನೂ ಹೆಚ್ಚು. ಮೂರು ನಾಲ್ಕು ದಿನಕ್ಕೊಮ್ಮೆ ತೆಗೆದು ಬ್ರಷ್ಷಿನಲ್ಲಿ ಉಜ್ಜಿ ಮತ್ತೆ ಇಳಿಸಿ. ವಾಸನೆ ಬರುತ್ತದೆ, ಇರುವೆ ಮುತ್ತುತ್ತದೆ, ಮೇಲೆ ಹಲಗೆ ಮುಚ್ಚಿಡಿ. ಇದರ ದೊಡ್ಡ ಗುಣ ಏನೆಂದರೆ ಮಡಿಕೆಯ ಒಳಗೆ, ಎರಡು ತಗಡಿನ ನಡುವಿನ ಸಂದಿಯಲ್ಲಿ, ಕೈ ಹೋಗದ ಕಡೆಯೂ ಕೆಲಸ ಮಾಡುತ್ತದೆ. ಸತು ಲೇಪದ ಲ್ಯಾಂಡ್ ರೋವರ್ ಬಂಪರನ್ನು ಮಾತ್ರ ಇದರಲ್ಲಿ ಇಳಿಸಬೇಡಿ, ಸತು ಕರಗಿಹೋಗುತ್ತದೆ.

ಅವಸರವಿದ್ದರೆ ಬಟ್ಟೆ ಸೋಡ, ಬ್ಯಾಟರಿ ಚಾರ್ಜರ್. ಅದೇ ಗುಂಡಿಗೆ ಅರ್ಧ ಕೆಜಿ ಸೋಡ ಸಾಕು. ಚಾರ್ಜರಿನ ನೆಗೆಟಿವ್ ಬಂಪರಿಗೆ, ಪಾಸಿಟಿವ್ ಹಳೇ ಕಬ್ಬಿಣದ ತುಂಡುಗಳಿಗೆ. ಅದಲುಬದಲಾದರೆ ಕರಗುವುದು ಬಂಪರೇ. ಕಬ್ಬಿಣದ ತುಂಡುಗಳು ಎದುರಿಗೆ ಕಾಣುವ ಮುಖದ ತುಕ್ಕು ಮಾತ್ರ ಬೇಗ ಹೋಗುತ್ತದೆ, ಆದ್ದರಿಂದ ಚಾನಲ್ಲಿನ ಒಳಗೂ ಒಂದು ಸರಳನ್ನು ತಾಗದಂತೆ ಇಳಿಬಿಡಬೇಕು. ಸ್ಟೀಲ್ ಪಾತ್ರೆಯ ತುಂಡನ್ನು ಪಾಸಿಟಿವ್‌ಗೆ ಖಂಡಿತ ಕಟ್ಟಬೇಡಿ, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇದೆ, ಕೊಟ್ಟಿಗೆಯ ಒಳಗೆ ಬೇಡ, ಬಯಲಲ್ಲಿ ಮಾಡಿ.

ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸುರಿಯುವವರು ತುಂಬಾ ಇದ್ದಾರೆ. ತುಕ್ಕು ಹೋಗುವುದು ನಿಜ, ಆದರೆ ಅದರ ಆವಿ ಅಕ್ಕಪಕ್ಕದ ಸ್ಪ್ಯಾನರು, ಡ್ರಿಲ್ಲು, ಕತ್ತಿ ಎಲ್ಲಕ್ಕೂ ತುಕ್ಕು ಹತ್ತಿಸುತ್ತದೆ. ಸಂದಿಯಲ್ಲಿ ಉಳಿದದ್ದು ಬಣ್ಣದಡಿ ತಿನ್ನುತ್ತಲೇ ಇರುತ್ತದೆ. ಬೇಡ.

ಕ್ರೋಮ್ ಮಾಲು

ಇಲ್ಲಿ ನಾವು ಕಟ್ಟುನಿಟ್ಟು. ಕ್ರೋಮ್ ಪದರ ಮೈಕ್ರಾನಿಗಿಂತಲೂ ತೆಳು, ತುಕ್ಕು ತಡೆಯುವುದು ಅದರಡಿಯ ನಿಕಲ್. ಉಗುರು ಎಳೆದಾಗ ಸಿಕ್ಕುವಷ್ಟು ಗುಂಡಿ ಬಿದ್ದಿದ್ದರೆ ಹಳೇ ಲೇಪ ಕಿತ್ತು, ಗುಂಡಿ ತುಂಬಿ, ಉಜ್ಜಿ, ತಾಮ್ರ, ನಿಕಲ್, ಕ್ರೋಮ್ ಎಂದು ಮತ್ತೆ ಮೂರು ಲೇಪ ಕೊಡಿಸಬೇಕು. ಉದ್ದದ ಬಂಪರಿಗೆ ಬೆಂಗಳೂರಿನ ಪೀಣ್ಯದಂಥ ಕಡೆಗೇ ಒಯ್ಯಬೇಕಾಗಿ ಬರಬಹುದು. ಉಜ್ಜುವಾಗ ಅಕ್ಷರ, ಗೆರೆ, ಅಂಚು ಸವೆದುಹೋಗುತ್ತವೆ. ಅಮೆರಿಕದ ಹಳೇ ಪಿಕಪ್ಪಿನ ಬಂಪರ್ ಹುಡುಕುವವರು ಇನ್ನೂ ಒಂದು ನೆನಪಿಡಿ. ಕೊರಿಯಾ ಯುದ್ಧದ ಹೊತ್ತಿನಲ್ಲಿ, 1950ರ ದಶಕದ ಆರಂಭದಲ್ಲಿ, ಅಲ್ಲಿ ನಿಕಲ್ ಬಳಕೆಗೆ ಕಡಿವಾಣ ಬಿದ್ದಿತ್ತು. ಆ ವರ್ಷಗಳ ಗಾಡಿಗೆ ಬಣ್ಣ ಬಳಿದ ಬಂಪರೇ ಸರಿಯಾದದ್ದು ಇರಬಹುದು. ಆ ಕಾಲದ ಪಿಕಪ್ಪುಗಳಲ್ಲಿ ಹಿಂದಿನ ಬಂಪರನ್ನು ಬೇಕಾದವರು ಬೇರೆಯಾಗಿ ಹಾಕಿಸಿಕೊಳ್ಳುವುದೂ ಇತ್ತು. ಹಿಂದೆ ಬಂಪರ್ ಇಲ್ಲವೆಂದು ಇಲ್ಲದ ಮಾಲಿಗೆ ಅಲೆಯಬೇಡಿ.

ಬಣ್ಣ ಹೊಡೆದು ಕೂರಿಸುವಾಗ

ತುಕ್ಕು ತೆಗೆದ ಕಬ್ಬಿಣ ನಮ್ಮ ಹವೆಗೆ ಒಂದು ಗಂಟೆಯಲ್ಲಿ ಮತ್ತೆ ಕಂದಾಗುತ್ತದೆ. ತೊಳೆದ ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಿ ಅದೇ ದಿನ ಎರಡು ಡಬ್ಬದ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಬರೀ ರೆಡ್ ಆಕ್ಸೈಡ್ ಹೊಡೆದು ತಿಂಗಳುಗಟ್ಟಲೆ ಹೊರಗೆ ಬಿಟ್ಟರೆ ಅದು ನೀರು ಹೀರುತ್ತದೆ. ಗಾಳಿಯ ತೇವ 85 ಶೇಕಡಾ ದಾಟಿದ ದಿನ ಬಣ್ಣದ ಕೆಲಸ ಬೇಡ. ಆಗುಂಬೆ, ಹೊಸನಗರದ ಕಡೆಯವರಿಗೆ ಇದರರ್ಥ ಮಳೆಗಾಲ ಮುಗಿಯುವವರೆಗೆ ಕಾಯುವುದು, ಕಾಯಿರಿ. ಪೌಡರ್ ಕೋಟಿಂಗ್ ಮಾಡಿಸುವುದಾದರೆ ಪುಟ್ಟಿ ಇರಬಾರದು, ಸಾಮಾನ್ಯ ಪುಟ್ಟಿ 180–200 ಡಿಗ್ರಿ ಒಲೆಯಲ್ಲಿ ನಿಲ್ಲುವುದಿಲ್ಲ.

ಕೊಂಡ ಬಂಪರಿನ ಮೇಲೆ ಅಡ್ಡಪೈಪುಗಳ ಗಾರ್ಡ್ ಬೆಸೆದಿದ್ದರೆ ಅದನ್ನು ತೆಗೆಸಿಯೇ ಹಾಕಿ. ಕ್ರಾಷ್ ಗಾರ್ಡ್, ಬುಲ್ ಬಾರುಗಳನ್ನು ತಡೆಯುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಐವತ್ತು ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಯನ್ನು 2021ರ ನಿಯಮದಡಿ ವಿಂಟೇಜ್ ಎಂದು ನೋಂದಾಯಿಸುವ ಯೋಚನೆ ಇದ್ದರೆ ಚಾಸಿಗೆ ಕಟಿಂಗ್, ವೆಲ್ಡಿಂಗ್ ಹಾಕಬಾರದು. ಬಂಪರ್ ಕೂರಲಿಲ್ಲವೆಂದು ಚಾಸಿಯ ಮೂತಿ ಕತ್ತರಿಸಲು ಹೊರಟವರಿಗೆ ಅಲ್ಲೇ ತಡೆ ಹಾಕಿ, ಬ್ರಾಕೆಟ್ಟನ್ನು ಸರಿಮಾಡಿಸಿ. ಗುಜರಿಯವರಿಂದ ಯಾವ ಗಾಡಿಯದೆಂದು ಬರೆದ ಒಂದು ಚೀಟಿ ಪಡೆಯುವುದನ್ನು ಮರೆಯಬೇಡಿ.

ಕೊನೆಗೆ, ಬಣ್ಣ ಹೊಡೆಯುವ ಮುಂಚೆಯೇ, ಚಾನಲ್ಲಿನ ಕೆಳಅಂಚಿನಲ್ಲಿ ಬ್ರಾಕೆಟ್ಟಿನ ಎರಡೂ ಪಕ್ಕ ಮತ್ತು ನಡುವೆ 8 ಮಿ.ಮೀ.ನ ತೂತುಗಳನ್ನು ಹೊಡೆಸಿ, ತೂತಿನ ಅಂಚಿಗೂ ಪ್ರೈಮರ್ ತಾಗಿಸಿ. ಬಂಪರಿಗೂ ಬ್ರಾಕೆಟ್ಟಿಗೂ ನಡುವೆ ಗ್ರೀಸು ಬಳಿದು ಬಿಗಿಯಿರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಪೈಪು ಹಿಡಿದು ಒಳಗಿನ ಕೆಸರು ತೊಳೆಯುವಾಗ ಆ ತೂತುಗಳಿಂದ ಕೆಂಪು ನೀರು ಸಲೀಸಾಗಿ ಇಳಿಯುತ್ತಿದೆಯೇ ನೋಡಿ. ಇಳಿಯದಿದ್ದರೆ ಒಂದು ಕಡ್ಡಿ ಚುಚ್ಚಿ ದರಕು ತೆಗೆಯಿರಿ.